ಕರಾವಳಿಯ ಋತುಗಳ ಜೊತೆ ಬರೆಯುವುದು: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸೃಜನಶೀಲ ಬರವಣಿಗೆಯ ಚಟುವಟಿಕೆಗಳು

ಮಳೆಗಾಲದ ಬಗ್ಗೆ ಹತ್ತು ವಾಕ್ಯ ಬರೆಯಿರಿ ಎಂದು ನಾಲ್ಕನೆಯ ತರಗತಿಯ ಮಕ್ಕಳಿಗೆ ಹೇಳಿದರೆ ಬರುವ ಉತ್ತರಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಮಳೆಗಾಲವು ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ, ಕೆರೆಕಟ್ಟೆಗಳು ತುಂಬುತ್ತವೆ, ರೈತರು ಸಂತೋಷಪಡುತ್ತಾರೆ, ಎಲ್ಲೆಲ್ಲೂ ಹಸಿರು ಕಾಣುತ್ತದೆ. ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯಗಳಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಇವನ್ನು ಬರೆದ ಮಗು ಅದೇ ದಿನ ಬೆಳಿಗ್ಗೆ ತೋಡಿನ ಸಂಕ ದಾಟುವಾಗ ಕೆಂಪು ನೀರು ಕಾಲಿನಡಿಯಲ್ಲಿ ಓಡುವುದನ್ನು ಕಂಡಿರುತ್ತದೆ, ಅಂಗಳದ ಪಾಚಿಯಲ್ಲಿ ಜಾರಿರುತ್ತದೆ, ಒಣಗದ ಸಮವಸ್ತ್ರವನ್ನು ಒಲೆಯ ಮೇಲೆ ಕಾಯಿಸಿ ಹೊಗೆಯ ವಾಸನೆಯೊಂದಿಗೆ ಶಾಲೆಗೆ ಬಂದಿರುತ್ತದೆ. ಅದರಲ್ಲಿ ಒಂದೂ ಹಾಳೆಯ ಮೇಲೆ ಬರುವುದಿಲ್ಲ, ಏಕೆಂದರೆ ಅದನ್ನು ಯಾರೂ ಕೇಳಿಲ್ಲ.

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಕಲಿಸುವ ಶಿಕ್ಷಕರಿಗಾಗಿ, ಮತ್ತು ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರೆಯಿಸಬೇಕೆಂಬ ಆಸೆಯಿರುವ ಹೆತ್ತವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಇದರ ಹಿಂದಿರುವ ನಂಬಿಕೆ ಒಂದೇ: ಮಗುವಿಗೆ ಇಡೀ ಋತುವಿನ ಬಗ್ಗೆ ಹೇಳಲು ಏನೂ ಇರುವುದಿಲ್ಲ, ಆ ಋತುವಿನ ಒಂದು ಎಲೆ, ಒಂದು ಸದ್ದು, ಒಂದು ತಿಂಡಿಯ ಬಗ್ಗೆ ಕೇಳಿದರೆ ಹೇಳಲು ಬೇಕಾದಷ್ಟಿರುತ್ತದೆ. ಆದ್ದರಿಂದ ಮುಂದಿನ ಚಟುವಟಿಕೆಗಳಲ್ಲೆಲ್ಲ ಶಿಕ್ಷಕರ ಮುಖ್ಯ ಕೆಲಸವೆಂದರೆ ಪ್ರಶ್ನೆಯನ್ನು ಸಾಧ್ಯವಾದಷ್ಟು ಸಣ್ಣದಾಗಿಸುವುದು.

ಬರೆಯುವ ಮೊದಲು

ನಲವತ್ತು ನಿಮಿಷದ ಒಂದು ಅವಧಿ ಸಿಕ್ಕಿದರೆ ಅದರಲ್ಲಿ ಬರೆಯುವುದಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ಮೊದಲ ಹತ್ತು ನಿಮಿಷ ವಸ್ತುವನ್ನು ಮುಟ್ಟಿ, ಮೂಸಿ, ನೋಡಿ ತಿಳಿಯುವುದಕ್ಕೆ ಇರಲಿ, ಮುಂದಿನ ಹತ್ತು ನಿಮಿಷ ಮಾತಿಗೆ. ಕೊನೆಯ ಐದು ನಿಮಿಷದಲ್ಲಿ ಮೂರು ನಾಲ್ಕು ಮಕ್ಕಳು ತಾವು ಬರೆದುದನ್ನು ಓದಲಿ. ಮಾತಿನ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ಬಾಯಿಂದ ಒಮ್ಮೆ ಹೊರಬಂದ ವಾಕ್ಯವನ್ನು ಬರೆಯುವುದು ಮಗುವಿಗೆ ಕಷ್ಟವಾಗುವುದಿಲ್ಲ, ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಂಡು ನೇರವಾಗಿ ಬರೆಯುವುದು ದೊಡ್ಡವರಿಗೂ ಸುಲಭವಲ್ಲ.

ತರಗತಿಗೆ ತಕ್ಕಂತೆ ನಿರೀಕ್ಷೆಯೂ ಬೇರೆಯಾಗಿರಬೇಕು. ಒಂದನೆಯ ತರಗತಿಯ ಮಗು ಚಿತ್ರ ಬಿಡಿಸಿ ಅದರ ಕೆಳಗೆ ಒಂದು ಪದ ಬರೆದರೆ ಸಾಕು. ಉಳಿದ ಮಾತನ್ನು ಅದು ಹೇಳಿದ ಹಾಗೆಯೇ ಶಿಕ್ಷಕರು ಬರೆದುಕೊಳ್ಳಬೇಕು. ಎರಡು ಮತ್ತು ಮೂರನೆಯ ತರಗತಿಯವರಿಗೆ ಮೂರು ನಾಲ್ಕು ವಾಕ್ಯ, ನಾಲ್ಕು ಮತ್ತು ಐದನೆಯವರಿಗೆ ಅರ್ಧ ಪುಟ. ನಲಿ-ಕಲಿ ಕೊಠಡಿಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕುಳಿತಿರುವುದರಿಂದ ಅಲ್ಲಿ ಒಂದು ಅನುಕೂಲವಿದೆ: ಮೂರನೆಯ ತರಗತಿಯ ಮಗುವನ್ನು ಒಂದನೆಯ ತರಗತಿಯ ಮಗುವಿಗೆ ಬರೆಹಗಾರನನ್ನಾಗಿ ಕೂರಿಸಬಹುದು. ಚಿಕ್ಕದು ಹೇಳುತ್ತದೆ, ದೊಡ್ಡದು ಬರೆಯುತ್ತದೆ, ಇಬ್ಬರೂ ಕಲಿಯುತ್ತಾರೆ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಕೊಂಕಣಿಯವರು, ಬ್ಯಾರಿಯವರು, ಕುಂದಾಪ್ರ ಕನ್ನಡದವರು ಒಂದೇ ಬೆಂಚಿನಲ್ಲಿ ಇರುತ್ತಾರೆ. ಋತುವಿಗೆ ಸಂಬಂಧಿಸಿದ ಪದಗಳು ಹೆಚ್ಚಾಗಿ ಮನೆಯ ಭಾಷೆಯಲ್ಲೇ ಇರುತ್ತವೆ. ಮಗು ಮೊದಲ ಕರಡಿನಲ್ಲಿ ಆ ಪದವನ್ನು ಕನ್ನಡ ಅಕ್ಷರಗಳಲ್ಲಿ ಹಾಗೆಯೇ ಬರೆಯಲಿ. ಅದಕ್ಕೆ ಕನ್ನಡದ ಪದ ಬೇಕೆಂದು ಮಗುವೇ ಕೇಳಿದಾಗ ಹೇಳಿಕೊಟ್ಟರೆ ಸಾಕು. ಸರಿಯಾದ ಪದ ಸಿಗುವವರೆಗೆ ಪೆನ್ಸಿಲು ಹಿಡಿದು ಕೂರಬೇಕಾದ ಮಗು ಬರೆಯುವ ಆಸೆಯನ್ನೇ ಬಿಡುತ್ತದೆ.

ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ, ವಿಜಯಪುರ, ಕೊಪ್ಪಳ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಇಂದು ಮಂಗಳೂರು ಮತ್ತು ಉಡುಪಿಯ ಬಹಳಷ್ಟು ಸರಕಾರಿ ಶಾಲೆಗಳಲ್ಲಿ ಇದ್ದಾರೆ. ಕರಾವಳಿಯ ಋತುಗಳ ಚಟುವಟಿಕೆ ಎಂದಾಗ ಈ ಮಕ್ಕಳು ಹೊರಗುಳಿಯುವ ಅಪಾಯವಿದೆ. ಅವರಿಗಾಗಿ, ಮತ್ತು ಅವರಿಂದ ಇತರರು ಕಲಿಯಲೆಂದು, ಪ್ರತಿ ಋತುವಿನಲ್ಲೂ ‘ಎರಡು ಊರು’ ಎಂಬ ಹಾಳೆಯೊಂದಿರಲಿ. ಹಾಳೆಯನ್ನು ನಡುವೆ ಮಡಚಿ, ಒಂದು ಕಡೆ ಇಲ್ಲಿಯ ಮಳೆ, ಇನ್ನೊಂದು ಕಡೆ ಅಜ್ಜನ ಊರಿನ ಮಳೆ. ಕಪ್ಪು ಮಣ್ಣು ಕಾಲಿಗೆ ಮೆತ್ತಿಕೊಳ್ಳುವ ಬಗೆ, ಜೋಳದ ಹೊಲ, ಎಳ್ಳು ಅಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಮಾಡುವ ಊಟ ಇವೆಲ್ಲ ಇಲ್ಲಿಯ ಮಕ್ಕಳಿಗೆ ಹೊಸ ಲೋಕ. ಕೊನೆಗೆ ಎರಡೂ ಊರಿನ ಮಳೆಗಳು ಭೇಟಿಯಾದರೆ ಏನು ಮಾತಾಡಿಕೊಳ್ಳಬಹುದು ಎಂದು ಕೇಳಿದರೆ ಒಂದು ಸಂಭಾಷಣೆ ತಾನಾಗಿಯೇ ಹುಟ್ಟುತ್ತದೆ.

ಜೂನ್ ಮತ್ತು ಜುಲೈ: ಮಳೆ

ಇಡೀ ವರ್ಷದಲ್ಲಿ ಬರವಣಿಗೆಗೆ ಇದಕ್ಕಿಂತ ಶ್ರೀಮಂತವಾದ ಕಾಲ ಇಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಶಾಲೆ ಆರಂಭವಾಗುವುದೂ ಮಳೆ ಬರುವುದೂ ಹೆಚ್ಚುಕಡಿಮೆ ಜೊತೆಜೊತೆಗೇ ಆಗುವುದರಿಂದ ವರ್ಷದ ಮೊದಲ ಚಟುವಟಿಕೆಗೆ ವಸ್ತುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಕಿವಿಯಿಂದ ಆರಂಭಿಸೋಣ. ತಗಡಿನ ಶೀಟು ಹೊದೆಸಿದ ಕೊಠಡಿಯಲ್ಲಿ ಮಳೆ ಜೋರಾದಾಗ ಪಾಠ ಹೇಗೂ ಕೇಳಿಸುವುದಿಲ್ಲ. ಆಗ ಪುಸ್ತಕ ಮುಚ್ಚಿಸಿ, ಎರಡು ನಿಮಿಷ ಕಣ್ಣು ಮುಚ್ಚಿ ಕೇಳುವಂತೆ ಹೇಳಬೇಕು. ಶೀಟಿನ ಮೇಲೆ ಬೀಳುವ ಸದ್ದು ಬೇರೆ, ಹಂಚಿನ ಮೇಲಿನದು ಬೇರೆ, ಬಾಳೆಯ ಎಲೆಯ ಮೇಲಿನದು ಬೇರೆ, ಮಾಡಿನಿಂದ ಇಳಿದು ಅಂಗಳದ ಗುಂಡಿಗೆ ಬೀಳುವ ಧಾರೆಯದು ಮತ್ತೂ ಬೇರೆ. ಕೇಳಿದ ಸದ್ದುಗಳನ್ನು ಮಕ್ಕಳು ಬಾಯಿಯಿಂದ ಮಾಡಿ ತೋರಿಸಲಿ. ಶಿಕ್ಷಕರು ಅವನ್ನು ಕರಿಹಲಗೆಯ ಮೇಲೆ ಬರೆಯಲಿ. ಕನ್ನಡದಲ್ಲಿ ಜಿಟಿಜಿಟಿ, ಪಟಪಟ, ಧೋ ಎಂಬಂಥ ಅನುಕರಣ ಪದಗಳು ಬೇಕಾದಷ್ಟಿವೆ, ಆದರೂ ಮಕ್ಕಳು ಹೊಸದಾಗಿ ಕಟ್ಟುವ ಸದ್ದುಗಳಿಗೆ ಮೊದಲ ಮರ್ಯಾದೆ. ಆಮೇಲೆ ಒಂದು ಚೌಕಟ್ಟು ಕೊಡಬಹುದು: ‘ಹಂಚಿನ ಮೇಲೆ ಮಳೆ ಹೀಗೆ ಹೇಳಿತು, ಕೊಡೆಯ ಮೇಲೆ ಹೀಗೆ ಹೇಳಿತು, ನಮ್ಮ ನಾಯಿಯ ಬೆನ್ನಿನ ಮೇಲೆ ಹೀಗೆ ಹೇಳಿತು.’ ಮೂರನೆಯ ಸಾಲನ್ನು ಪ್ರತಿ ಮಗುವೂ ತಾನೇ ಆರಿಸಿಕೊಳ್ಳಬೇಕು. ಕವಿತೆ ಎಂಬ ಮಾತನ್ನು ಎತ್ತದೆಯೇ ಕವಿತೆ ಬರೆಯಿಸಲು ನನಗೆ ತಿಳಿದ ಅತ್ಯಂತ ಸರಳವಾದ ದಾರಿ ಇದು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಶಿಕ್ಷಕರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ ದುಡಿದ ಪಂಜೆ ಮಂಗೇಶರಾಯರ ಶಿಶುಗೀತೆಗಳನ್ನು ಈ ಚಟುವಟಿಕೆಗೆ ಮೊದಲು ಗಟ್ಟಿಯಾಗಿ ಓದಿ ಹೇಳಿದರೆ ಸದ್ದಿನ ಆಟ ಮಕ್ಕಳ ನಾಲಿಗೆಗೆ ಬೇಗ ಹತ್ತುತ್ತದೆ.

ನಾಲ್ಕು ಮತ್ತು ಐದನೆಯ ತರಗತಿಗೆ ‘ಮಳೆ ಪುಸ್ತಕ’ ಒಳ್ಳೆಯದು. ತಂಪು ಪಾನೀಯದ ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಬೇಕು. ಬಾಟಲಿಯ ತಳ ಸಮತಟ್ಟಾಗಿರುವುದಿಲ್ಲವಾದ್ದರಿಂದ ಅಲ್ಲಿ ಸಣ್ಣ ಕಲ್ಲುಗಳನ್ನು ಹಾಕಿ, ನೇರವಾದ ಗೋಡೆ ಆರಂಭವಾಗುವವರೆಗೆ ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಸ್ಕೇಲಿನಿಂದ ಸೆಂಟಿಮೀಟರುಗಳನ್ನು ಗುರುತಿಸಬೇಕು. ಒಂದು ಸೆಂಟಿಮೀಟರು ಏರಿದರೆ ಹತ್ತು ಮಿಲಿಮೀಟರು ಮಳೆಯಾಯಿತು ಎಂದರ್ಥ. ಮರದ ಅಡಿಯಲ್ಲೂ ಮಾಡಿನ ಅಂಚಿನಲ್ಲೂ ಇಡದೆ ಬಯಲಿನಲ್ಲಿ ಇಟ್ಟು, ಗಾಳಿಗೆ ಉರುಳದಂತೆ ಸುತ್ತ ಇಟ್ಟಿಗೆ ಇಡಬೇಕು. ಪ್ರತಿದಿನ ಬೆಳಿಗ್ಗೆ ಸರದಿಯ ಮಗು ಅಳತೆಯನ್ನು ಬರೆದು ಬಾಟಲಿಯ ನೀರನ್ನು ಮತ್ತೆ ಸೊನ್ನೆಯ ಗುರುತಿಗೆ ತರಬೇಕು, ಬರೆದ ಅಳತೆಯ ಪಕ್ಕದಲ್ಲಿ ಒಂದೇ ಒಂದು ವಾಕ್ಯವನ್ನೂ ಸೇರಿಸಬೇಕು: ನಿನ್ನೆಯ ಮಳೆಗೂ ಇವತ್ತಿನದಕ್ಕೂ ಏನು ವ್ಯತ್ಯಾಸ? ಅಂಕಿ ಒಂದು ಕಡೆ, ಅನುಭವ ಇನ್ನೊಂದು ಕಡೆ ಇರುವ ಈ ಪುಸ್ತಕವನ್ನು ಸೆಪ್ಟೆಂಬರಿನಲ್ಲಿ ತಿರುವಿ ಹಾಕಿದರೆ ಮಕ್ಕಳಿಗೇ ತಮ್ಮ ವಾಕ್ಯ ಬೆಳೆದ ಬಗೆ ಕಾಣುತ್ತದೆ.

ಭಾರೀ ಮಳೆಯ ದಿನಗಳಲ್ಲಿ ಜಿಲ್ಲಾಡಳಿತ ರಜೆ ಘೋಷಿಸುತ್ತದೆ. ರಜೆಯ ಮರುದಿನ ‘ನಿನ್ನೆ ಮನೆಯಲ್ಲಿ ಏನು ಮಾಡಿದಿರಿ’ ಎಂದು ಕೇಳಬೇಡಿ, ಆಟವಾಡಿದೆ, ತಿಂದೆ, ಮಲಗಿದೆ ಎಂಬ ಉತ್ತರ ಬರುತ್ತದೆ. ‘ನಿನ್ನೆ ಮನೆಯೊಳಗೆ ಬರಬಾರದ ಯಾರು ಬಂದರು’ ಎಂದು ಕೇಳಿ ನೋಡಿ. ಚೇರಟೆ, ಕಪ್ಪೆ, ಬಸವನಹುಳು, ನೆಂದ ಬೆಕ್ಕು, ಸೋರುವ ಹಂಚಿನ ನೀರು, ಹೀಗೆ ಅತಿಥಿಗಳ ಸಾಲೇ ಬರುತ್ತದೆ. ಅವರಲ್ಲಿ ಒಬ್ಬರು ಯಾಕೆ ಬಂದರು, ಎಲ್ಲಿ ಕೂತರು, ಅಮ್ಮ ಏನು ಹೇಳಿದರು, ಹೇಗೆ ಹೋದರು ಎಂದು ಬರೆದರೆ ಆರಂಭ, ನಡು, ಕೊನೆ ಇರುವ ಕಥೆಯೇ ಆಗುತ್ತದೆ. ಮನೆಯೊಳಗೆ ನೆರೆ ನೀರು ನುಗ್ಗಿದ್ದನ್ನು, ಗುಡ್ಡ ಜರಿದದ್ದನ್ನು ಕಂಡ ಮಕ್ಕಳು ತರಗತಿಯಲ್ಲಿದ್ದರೆ ಮಾತ್ರ ಎಚ್ಚರ ಬೇಕು. ಅಂಥ ಮಗು ಬೇರೆ ವಿಷಯ ಆರಿಸಿಕೊಳ್ಳಬಹುದು ಎಂದು ಮೊದಲೇ ತಿಳಿಸಬೇಕು, ಬರೆದರೂ ಅದರ ಒಪ್ಪಿಗೆಯಿಲ್ಲದೆ ಎಲ್ಲರೆದುರು ಓದಿಸಬಾರದು.

ಮೀನುಗಾರರ ಮಕ್ಕಳಿರುವ ಶಾಲೆಗಳಿಗೆ ದೋಣಿಯ ಪತ್ರ ಚೆನ್ನಾಗಿ ಹೊಂದುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವೆಂದೂ ಕಡಲು ಒರಟಾಗಿರುವ ಕಾಲವೆಂದೂ ಈ ನಿಷೇಧವಿದೆ. ಮಲ್ಪೆಯ ಬಂದರಿನಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬೋಟುಗಳು ಒತ್ತಾಗಿ ನಿಂತಿರುತ್ತವೆ. ಮೊದಲು ಮೀನುಗಾರರ ಮನೆಯ ಮಕ್ಕಳು ಆ ಎರಡು ತಿಂಗಳಲ್ಲಿ ಬಲೆ ನೇಯುವುದು, ಬೋಟಿಗೆ ಬಣ್ಣ ಹೊಡೆಯುವುದು ಹೇಗೆಂದು ತರಗತಿಗೆ ಹೇಳಲಿ, ಅವರೇ ಆ ದಿನದ ಗುರುಗಳು. ಬಳಿಕ ನಿಂತ ಬೋಟು ಕಡಲಿಗೆ ಪತ್ರ ಬರೆಯುತ್ತದೆ ಎಂದು ಎಲ್ಲರೂ ಊಹಿಸಿ ಬರೆಯಬೇಕು. ಪತ್ರದ ಒಕ್ಕಣೆ, ದಿನಾಂಕ, ಸಂಬೋಧನೆ, ವಿಳಾಸ ಎಲ್ಲವನ್ನೂ ಇದೇ ನೆಪದಲ್ಲಿ ಕಲಿಸಬಹುದು. ಕಡಲು ಉತ್ತರ ಬರೆಯುವುದು ಆಗಸ್ಟ್ ಮೊದಲ ವಾರದ ಕೆಲಸ.

ಒಂದು ವ್ಯವಹಾರದ ಮಾತು: ಮಳೆಗಾಲದಲ್ಲಿ ಶಾಯಿಯ ಪೆನ್ನು ಬೇಡ, ನೆಂದ ಚೀಲದಲ್ಲಿ ಎಲ್ಲ ಅಳಿಸಿಹೋಗುತ್ತದೆ. ಬರೆದ ಹಾಳೆಗಳನ್ನು ಗೋಡೆಗೆ ಅಂಟಿಸಿದರೆ ತೇವಕ್ಕೆ ಬೂಷ್ಟು ಹಿಡಿಯುವುದರಿಂದ ಒಳಗೆ ಹಗ್ಗ ಕಟ್ಟಿ, ಬಟ್ಟೆ ಸಿಕ್ಕಿಸುವ ಕ್ಲಿಪ್ಪಿನಿಂದ ನೇತು ಹಾಕುವುದು ಮೇಲು. ತೋಡು, ಆವರಣವಿಲ್ಲದ ಬಾವಿ, ತುಂಬಿದ ಗದ್ದೆಯ ಹತ್ತಿರ ಮಕ್ಕಳನ್ನು ವೀಕ್ಷಣೆಗೆಂದು ಕರೆದೊಯ್ಯಬಾರದು. ಶಾಲೆಯ ಜಗಲಿಯಿಂದ ಕಾಣುವಷ್ಟೇ ಸಾಕಾಗುತ್ತದೆ.

ಆಟಿ

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ, ತುಳುವರ ಆಟಿ ತಿಂಗಳು ಅಜ್ಜಿಯರ ತಿಂಗಳು. ಗದ್ದೆಯ ಕೆಲಸ ಮುಗಿದು, ಹಿಂದೆ ಮನೆಯ ಅಕ್ಕಿಯೂ ಮುಗಿಯುತ್ತಾ ಬರುತ್ತಿದ್ದ ಈ ಕಾಲದಲ್ಲಿ ಕೆಸುವು, ಚಗಟೆ ಸೊಪ್ಪು, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ ಇವುಗಳೇ ಅಡುಗೆಯ ಆಧಾರವಾಗಿದ್ದವು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುವ ರೂಢಿ ಇಂದಿಗೂ ಇದೆ. ಇಲ್ಲಿ ಎರಡು ಬಗೆಯ ಬರವಣಿಗೆ ಸಾಧ್ಯ. ಮೊದಲನೆಯದು ಸಂದರ್ಶನ. ಮಗು ಮನೆಯ ಅಥವಾ ನೆರೆಯ ಹಿರಿಯರೊಬ್ಬರಿಗೆ ಐದು ಪ್ರಶ್ನೆ ಕೇಳಬೇಕು, ಪ್ರಶ್ನೆಗಳನ್ನು ತರಗತಿಯಲ್ಲೇ ಒಟ್ಟಾಗಿ ಸಿದ್ಧಪಡಿಸಬೇಕು. ‘ನಿಮ್ಮ ಬಾಲ್ಯದ ಆಟಿ ಹೇಗಿತ್ತು’ ಎಂಬ ದೊಡ್ಡ ಪ್ರಶ್ನೆಗಿಂತ ‘ಶಾಲೆಗೆ ಹೋಗುವಾಗ ತಲೆಗೆ ಏನು ಹಾಕಿಕೊಳ್ಳುತ್ತಿದ್ದಿರಿ’, ‘ರಾತ್ರಿ ದೀಪ ಆರಿದರೆ ಏನು ಮಾಡುತ್ತಿದ್ದಿರಿ’ ಎಂಬಂಥವು ಹೆಚ್ಚು ಫಲ ಕೊಡುತ್ತವೆ. ಉತ್ತರದಲ್ಲಿ ಅಜ್ಜಿ ಬಳಸಿದ ಒಂದು ವಾಕ್ಯವನ್ನಾದರೂ ಅವರ ಮಾತಿನಲ್ಲೇ, ಉದ್ಧರಣ ಚಿಹ್ನೆಯೊಳಗೆ ಬರೆಯುವುದು ಕಡ್ಡಾಯ.

ಎರಡನೆಯದು ಪತ್ರೊಡೆಯ ಕ್ರಮ. ಅಕ್ಕಿಯನ್ನು ನೆನೆಸಿ, ಹುಳಿ, ಮೆಣಸು, ಕೊತ್ತಂಬರಿ, ಬೆಲ್ಲದೊಂದಿಗೆ ಅರೆದು, ಕೆಸುವಿನ ಎಲೆಗೆ ಹಚ್ಚಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ಈ ತಿಂಡಿ ತುಳುವರ ಮನೆಯಲ್ಲೂ ಕೊಂಕಣಿಗರ ಮನೆಯಲ್ಲೂ ಬ್ಯಾರಿಗಳ ಮನೆಯಲ್ಲೂ ಇದೆ, ಮನೆಮನೆಗೂ ಕ್ರಮ ಸ್ವಲ್ಪ ಬದಲಾಗುತ್ತದೆ. ಮೊದಲು, ಆಮೇಲೆ, ಅಷ್ಟರಲ್ಲಿ, ಕೊನೆಗೆ ಎಂಬ ಪದಗಳನ್ನು ಬಳಸಿ ಕ್ರಮವನ್ನು ಬರೆಯುವುದು ಮೊದಲ ದಿನದ ಕೆಲಸ. ಮರುದಿನ ಅದನ್ನೇ ‘ಆನೆಗೆ ಪತ್ರೊಡೆ ಮಾಡುವ ವಿಧಾನ’ ಎಂದು ಬದಲಾಯಿಸಲು ಹೇಳಬೇಕು. ಎಷ್ಟು ಅಕ್ಕಿ, ಎಲೆ ಯಾವುದು, ಸುರುಳಿ ಸುತ್ತುವವರು ಯಾರು, ಬೇಯಿಸುವ ಪಾತ್ರೆ ಎಲ್ಲಿಂದ ತರುವುದು ಎಂದು ಯೋಚಿಸುತ್ತಾ ಹೋದಂತೆ ಕ್ರಮ ತಪ್ಪದೆ ಕಲ್ಪನೆ ಬೆಳೆಯುತ್ತದೆ. ತರಗತಿಗೆ ಹಸಿ ಕೆಸುವಿನ ಎಲೆ ತಂದರೆ ಶಿಕ್ಷಕರೇ ಹಿಡಿದು ತೋರಿಸಲಿ, ಮಕ್ಕಳ ಕೈ ತುರಿಸೀತು.

ತೆಂಗಿನ ಎಳೆಯ ಗರಿಯ ಉಡುಗೆಯುಟ್ಟು, ಓಲೆಯ ಕೊಡೆ ಹಿಡಿದು ಮನೆಮನೆಗೆ ಬಂದು ಊರಿನ ಕೆಡುಕನ್ನು ಓಡಿಸುವ ಆಟಿ ಕಳೆಂಜನನ್ನು ಈಗ ಎಲ್ಲ ಮಕ್ಕಳೂ ಕಂಡಿರುವುದಿಲ್ಲ. ಕಂಡವರು ಹೇಳಲಿ, ಉಳಿದವರು ಕೇಳಲಿ. ಆ ಕುಣಿತಕ್ಕೆ ತನ್ನದೇ ಸಮುದಾಯವೂ ಶ್ರದ್ಧೆಯೂ ಇರುವುದರಿಂದ ಮಕ್ಕಳಿಗೆ ವೇಷ ಕಟ್ಟಿಸಿ ಕುಣಿಸುವುದನ್ನು ನಾನು ಒಪ್ಪುವುದಿಲ್ಲ. ಬರೆಯುವುದಕ್ಕೆ ಪ್ರಶ್ನೆ ಮಾತ್ರ ಸಾಕು: ನಮ್ಮ ಶಾಲೆಯಿಂದ ಏನನ್ನು ಓಡಿಸಬೇಕು, ಅದಕ್ಕೆ ಬದಲಾಗಿ ನಾವು ಏನು ಕೊಡುತ್ತೇವೆ? ಎರಡನೆಯ ತರಗತಿಯ ಮಕ್ಕಳು ಸೊಳ್ಳೆ, ಜ್ವರ, ಲೆಕ್ಕದ ಪರೀಕ್ಷೆ ಎಂದು ಆರಂಭಿಸಿ ಕೆಲವೊಮ್ಮೆ ಮನೆಯ ಜಗಳದವರೆಗೂ ಬರುತ್ತಾರೆ. ಅಂಥ ಸಾಲನ್ನು ಶಿಕ್ಷಕರು ಗಮನವಿಟ್ಟು ಓದಿ, ಆ ಮಗುವಿನೊಂದಿಗೆ ಬೇರೆಯಾಗಿ ಮಾತಾಡಬೇಕು.

ಸೋಣದಿಂದ ದೀಪಾವಳಿಯವರೆಗೆ

ಆಟಿಯ ಮುಂದಿನ ತುಳು ತಿಂಗಳು ಸೋಣ. ಸೆಪ್ಟೆಂಬರ್ ಹೊತ್ತಿಗೆ ಗದ್ದೆಯಲ್ಲಿ ತೆನೆ ಬರುತ್ತದೆ. ಹಿಂದೂ ಮನೆಗಳಲ್ಲಿ ತೆನೆ ಕಟ್ಟುವುದು ಮತ್ತು ಹೊಸ ಅಕ್ಕಿ ಊಟ, ಕ್ರೈಸ್ತ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಮ್ಮನ ಜನ್ಮದಿನದ ಹೊಸ ತೆನೆಯ ಹಬ್ಬ. ಎರಡರ ನಡುವೆಯೂ ಇರುವುದು ಅದೇ ಒಂದು ಭತ್ತದ ತೆನೆ. ಪ್ರತಿ ಗುಂಪಿಗೆ ಒಂದು ತೆನೆ ಕೊಟ್ಟು, ಅದರ ಕಥೆಯನ್ನು ಹಿಂದುಮುಂದಾಗಿ ಬರೆಯಿಸಬೇಕು: ಈಗ ನನ್ನ ಮೇಜಿನ ಮೇಲಿದೆ, ಅದಕ್ಕೆ ಮೊದಲು ಯಾರ ಕೈಯಲ್ಲಿತ್ತು, ಅದಕ್ಕೂ ಮೊದಲು ಎಲ್ಲಿತ್ತು, ಹೀಗೆ ಬಿತ್ತಿದ ಕಾಳಿನವರೆಗೆ. ಹಿಂದಕ್ಕೆ ಹೋಗುವ ಕಥೆಯಲ್ಲಿ ಕಾರಣ ಹುಡುಕದೆ ಮುಂದಿನ ವಾಕ್ಯ ಸಿಗುವುದಿಲ್ಲವಾದ್ದರಿಂದ ಮಕ್ಕಳು ತಾವಾಗಿಯೇ ಯೋಚಿಸುತ್ತಾರೆ. ಶಾಲೆಯ ಸುತ್ತ ಗದ್ದೆಯೇ ಇಲ್ಲದ ಮಂಗಳೂರಿನ ನಡುಪೇಟೆಯಲ್ಲಿ ಅಂಗಡಿಯಿಂದ ತಂದ ಒಂದು ಹಿಡಿ ಕುಚ್ಚಲಕ್ಕಿಯಿಂದಲೂ ಇದನ್ನು ಮಾಡಬಹುದು.

ಉಡುಪಿಯ ಅಷ್ಟಮಿಗೂ ಮಂಗಳೂರಿನ ದಸರಾಕ್ಕೂ ಹುಲಿವೇಷ ಇಳಿದಾಗ ಮಕ್ಕಳ ಕೈಕಾಲು ನಿಲ್ಲುವುದಿಲ್ಲ. ಅದನ್ನು ಕ್ರಿಯಾಪದಗಳ ಪಾಠವಾಗಿಸಿಕೊಳ್ಳಿ. ಹುಲಿವೇಷಕ್ಕೆ ಬಾರಿಸುವ ತಾಸೆ ಎಂಬ ಚರ್ಮವಾದ್ಯದ ಪೆಟ್ಟನ್ನು ಮೇಜಿನ ಮೇಲೆ ಬಾರಿಸುತ್ತಾ, ಹುಲಿ ಏನೇನು ಮಾಡಿತು ಎಂದು ಒಂದೊಂದು ಪೆಟ್ಟಿಗೆ ಒಂದೊಂದು ಪದ ಹೇಳಿಸಿ: ಬಾಗಿತು, ಹಾರಿತು, ನೆಕ್ಕಿತು, ಗುರ್ರೆಂದಿತು. ಹತ್ತು ಪದಗಳಾದ ಮೇಲೆ ಆ ಪದಗಳಿಂದ ನಾಲ್ಕು ಸಾಲು ಕಟ್ಟಿದರೆ ತಾಳ ತಾನಾಗಿಯೇ ಬಂದಿರುತ್ತದೆ.

ದೀಪಾವಳಿಯ ಬಲೀಂದ್ರ ಕರೆಯುವ ಸಂಪ್ರದಾಯದಲ್ಲಿ ಮಾತ್ರ ಬರವಣಿಗೆಯ ನಿಧಿಯೇ ಅಡಗಿದೆ. ಬಲಿ ಚಕ್ರವರ್ತಿಯನ್ನು ‘ಕೂ’ ಎಂದು ಕರೆಯುವಾಗ ತುಳುವಿನಲ್ಲಿ ಹೇಳುವ ಮಾತುಗಳಲ್ಲಿ, ಅವನು ತನ್ನ ರಾಜ್ಯಕ್ಕೆ ಮರಳಿ ಬರಬಹುದಾದ ಕಾಲವನ್ನು ಎಂದೂ ಆಗದ ಸಂಗತಿಗಳಿಂದ ಸೂಚಿಸಲಾಗುತ್ತದೆ: ಬೆಣಚುಕಲ್ಲು ಹೂ ಬಿಟ್ಟಾಗ, ಉಪ್ಪು ಕರ್ಪೂರವಾದಾಗ, ಉದ್ದಿನ ಕಾಳು ಮದ್ದಳೆಯಾದಾಗ. ಇದನ್ನು ಮೂರನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಹೇಳಿ, ಇಂಥ ಕಾಲಗಳನ್ನು ತಾವೇ ಕಟ್ಟಲು ಬಿಡಬೇಕು. ನಿಯಮ ಎರಡೇ. ಹೇಳುವ ವಸ್ತು ಮಗುವಿನ ಮನೆಯಲ್ಲೋ ಅಂಗಳದಲ್ಲೋ ಇರುವಂಥದ್ದಾಗಿರಬೇಕು, ಮತ್ತು ಅದು ಆಗುವ ಸಂಗತಿ ಎಂದಿಗೂ ಸಾಧ್ಯವಾಗಬಾರದು. ಕಡೆಗೋಲು ಚಿಗುರಿದಾಗ, ಏಡಿ ನೇರವಾಗಿ ನಡೆದಾಗ, ಒನಕೆಗೆ ನಿದ್ದೆ ಬಂದಾಗ, ಹೀಗೆ ಆರಂಭದ ಒಂದೆರಡನ್ನು ಶಿಕ್ಷಕರು ಹೇಳಿ ಸುಮ್ಮನಾಗಬೇಕು. ಐದು ಸಾಲು ಬರೆದ ಮೇಲೆ ‘ಆಗ ನೀನು ಬಾ’ ಎಂದು ಮುಗಿಸಿದರೆ ಪೂರ್ಣವಾದ ಪದ್ಯವಾಗುತ್ತದೆ. ಐದನೆಯ ತರಗತಿಯವರಿಗೆ ಇನ್ನೊಂದು ಹೆಜ್ಜೆ ಇದೆ: ಅವುಗಳಲ್ಲಿ ಒಂದು ನಿಜವಾಗಿಯೂ ಆಗಿಬಿಟ್ಟಿತು ಎಂದು ಕಲ್ಪಿಸಿ ಆ ದಿನದ ಕಥೆ ಬರೆಯುವುದು. ನಾನು ಕಂಡಂತೆ, ಓದಿನಲ್ಲಿ ಹಿಂದಿರುವವರೆಂದು ಗುರುತಿಸಲ್ಪಟ್ಟ ಮಕ್ಕಳು ಈ ಚಟುವಟಿಕೆಯಲ್ಲಿ ಮುಂದೆ ಬರುತ್ತಾರೆ, ಏಕೆಂದರೆ ಇಲ್ಲಿ ಪುಸ್ತಕದ ಉತ್ತರವೆಂಬುದೇ ಇಲ್ಲ.

ಚಳಿಗಾಲ ಮತ್ತು ಮೇಳಗಳ ತಿರುಗಾಟ

ನಮ್ಮಲ್ಲಿ ಚಳಿ ಹೆಚ್ಚಿಲ್ಲ. ಡಿಸೆಂಬರಿನ ಬೆಳಗಿನ ಇಬ್ಬನಿ, ಗೇರು ಮತ್ತು ಮಾವಿನ ಹೂವಿನ ವಾಸನೆ, ಮಟ್ಟುಗುಳ್ಳ ಎಂಬ ಬದನೆಯ ಬೆಳೆ ಇವೇ ಗುರುತುಗಳು. ಆದರೆ ನವೆಂಬರ್ ಆಚೀಚೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟು ಮೇ ಕೊನೆಯ ವಾರದಲ್ಲಿ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯವರೆಗೆ ಊರೂರಿನಲ್ಲಿ ಆಟವಾಡುತ್ತವೆ. ಯಕ್ಷಗಾನದ ಪ್ರಸಂಗದಲ್ಲಿ ಬರೆದಿರುವುದು ಪದ್ಯಗಳು ಮಾತ್ರ, ಮಾತನ್ನು ಕಲಾವಿದರು ರಂಗದ ಮೇಲೆಯೇ ಕಟ್ಟುತ್ತಾರೆ. ಮೊದಲು ಮಾತಾಡಿ ಆಮೇಲೆ ಬರೆಯುವ ನಮ್ಮ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇರೆ ಸಿಗದು. ಪ್ರತಿ ಮಗುವೂ ಋತುವಿನ ಒಂದು ವಸ್ತುವಾಗಿ ಪ್ರವೇಶ ಮಾಡಬೇಕು: ಇಬ್ಬನಿ, ಗೇರುಹೂ, ಗುಳ್ಳ, ಕಂಬಳದ ಕೋಣ, ತೆಂಗಿನ ಗರಿಯ ಚಪ್ಪರ. ‘ಬಲ್ಲಿರೇನಯ್ಯಾ’ ಎಂದು ಆರಂಭಿಸಿ ತಾನು ಯಾರು, ತನ್ನ ಊರು ಯಾವುದು, ತನ್ನ ಶೌರ್ಯವೇನು, ಈಗ ಇಲ್ಲಿಗೆ ಬಂದ ಕಾರಣವೇನು ಎಂದು ಹೇಳಬೇಕು. ಎದುರಿಗೆ ಭಾಗವತರ ಸ್ಥಾನದಲ್ಲಿ ಕುಳಿತ ಇನ್ನೊಂದು ಮಗು ಪ್ರಶ್ನೆ ಕೇಳುತ್ತದೆ. ಇಬ್ಬನಿಯ ಶೌರ್ಯವೇನು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮಗು ರೂಪಕದ ಪಾಠವನ್ನು ಹೆಸರು ತಿಳಿಯದೆಯೇ ಕಲಿಯುತ್ತಿರುತ್ತದೆ. ಈ ಚಟುವಟಿಕೆಯನ್ನು ಎರಡು ಅವಧಿಗೆ ಹರಡಿ, ಮೊದಲ ದಿನ ಮಾತು ಮಾತ್ರ, ಎರಡನೆಯ ದಿನ ಬರವಣಿಗೆ.

ಕ್ರಿಸ್ಮಸ್ಸಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು ತುಂಬಿದ ತಟ್ಟೆ ನೆರೆಮನೆಗೆ ಹೋಗುತ್ತದೆ, ದೀಪಾವಳಿಗೆ, ಈದ್‌ಗೆ ಇನ್ನೊಂದು ಮನೆಯ ತಟ್ಟೆ ಬರುತ್ತದೆ. ‘ತಟ್ಟೆಯ ಪ್ರಯಾಣ’ ಎಂಬ ಕಥೆಯನ್ನು ತಟ್ಟೆಯ ಬಾಯಿಂದಲೇ ಹೇಳಿಸಿ. ಪೂಜೆ, ಪ್ರಾರ್ಥನೆಗಳ ವಿವರಕ್ಕಿಂತ ತಿಂಡಿ, ಬೆಳೆ, ಹವಾಮಾನಗಳ ಮೂಲಕ ಹಬ್ಬವನ್ನು ತರಗತಿಗೆ ತಂದರೆ ಎಲ್ಲ ಮನೆಯ ಮಕ್ಕಳೂ ಸಮಾನವಾಗಿ ಬರೆಯಬಲ್ಲರು. ರಂಜಾನ್ ತಿಂಗಳು ಚಾಂದ್ರಮಾನದಂತೆ ಪ್ರತಿವರ್ಷ ಸುಮಾರು ಹನ್ನೊಂದು ದಿನ ಮೊದಲೇ ಬರುತ್ತಾ ಎಲ್ಲ ಋತುಗಳನ್ನೂ ಸುತ್ತುವುದರಿಂದ, ಮಳೆಗಾಲದ ಉಪವಾಸಕ್ಕೂ ಸೆಕೆಯ ಉಪವಾಸಕ್ಕೂ ಇರುವ ವ್ಯತ್ಯಾಸವನ್ನು ಮನೆಯ ಹಿರಿಯರಿಂದ ಕೇಳಿ ಬರೆಯುವುದು ಐದನೆಯ ತರಗತಿಗೆ ಒಳ್ಳೆಯ ಕೆಲಸ.

ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ ಮಣ್ಣನ್ನು ಅಗೆಯುವಂತಿಲ್ಲ, ಭೂಮಿಗೆ ಅದು ವಿಶ್ರಾಂತಿ. ಭೂಮಿ ತನ್ನ ರಜೆಯಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆಯೊಂದನ್ನೇ ಕೊಟ್ಟು ಬಿಟ್ಟರೆ ಒಂದನೆಯ ತರಗತಿಯವರಿಂದ ಐದನೆಯವರವರೆಗೆ ಎಲ್ಲರೂ ಬರೆಯುತ್ತಾರೆ.

ಬೇಸಿಗೆ

ಮಾರ್ಚ್ ಪರೀಕ್ಷೆಯ ತಿಂಗಳಾದ್ದರಿಂದ ಹೆಚ್ಚು ಹೊರೆ ಬೇಡ. ರುಚಿಯ ಒಂದು ಚಟುವಟಿಕೆ ಸಾಕು. ಗೇರುಹಣ್ಣು, ಮಾವಿನಮಿಡಿ, ಪುನರ್ಪುಳಿ ಇವುಗಳ ಸಣ್ಣ ತುಂಡನ್ನು ನಾಲಿಗೆಗೆ ಮುಟ್ಟಿಸಿ, ಹುಳಿ, ಸಿಹಿ ಎಂಬ ಪದಗಳನ್ನು ಬಳಸದೆ ರುಚಿಯನ್ನು ವಿವರಿಸಲು ಹೇಳಬೇಕು. ಮುಖ ಹೇಗಾಯಿತು, ಹಲ್ಲಿಗೆ ಏನಾಯಿತು, ಗಂಟಲು ಏನು ಹೇಳಿತು ಎಂದು ಕೇಳುತ್ತಾ ಹೋದರೆ ಪದಗಳು ಬರುತ್ತವೆ. ಗೇರುಹಣ್ಣನ್ನು ಬೀಜ ತೆಗೆದೇ ತರಬೇಕು, ಹಸಿ ಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ರಜೆ ಆರಂಭವಾಗುವ ಮುನ್ನ ಪ್ರತಿ ಮಗುವಿಗೂ ಶಾಲೆಯ ವಿಳಾಸ ಬರೆದ ಒಂದು ಅಂಚೆ ಕಾರ್ಡು ಕೊಟ್ಟು, ಅಜ್ಜಿಮನೆಯಿಂದ ಮೂರು ಸಾಲು ಬರೆದು ಹಾಕಲು ಹೇಳಬಹುದು.

ತಿದ್ದುವುದು ಮತ್ತು ಉಳಿಸುವುದು

ಮಕ್ಕಳ ಬರಹವನ್ನು ಕೆಂಪು ಶಾಯಿಯಿಂದ ತುಂಬಿಸಿದರೆ ಮುಂದಿನ ಸಲ ಮಗು ತನಗೆ ಖಚಿತವಾಗಿ ಬರುವ ಪದಗಳನ್ನಷ್ಟೇ ಬಳಸುತ್ತದೆ, ಬರಹ ಬಡವಾಗುತ್ತದೆ. ಒಂದು ಬರಹದಲ್ಲಿ ಒಂದೇ ಬಗೆಯ ತಪ್ಪನ್ನು ಆರಿಸಿಕೊಂಡು ತಿದ್ದಬೇಕು. ತುಳು ಮನೆಮಾತಿನ ಮಕ್ಕಳು ಳಕಾರದ ಬದಲು ಲಕಾರ, ಮಹಾಪ್ರಾಣದ ಬದಲು ಅಲ್ಪಪ್ರಾಣ ಬರೆಯುವುದು ಸಾಮಾನ್ಯ. ಅದು ಅವರ ಕಿವಿ ಕೇಳಿದ ಮಾತಿನ ಫಲವೇ ಹೊರತು ಅಜಾಗ್ರತೆಯಲ್ಲ. ಅಂಥ ಪದಗಳನ್ನು ಪ್ರತ್ಯೇಕ ಪಟ್ಟಿ ಮಾಡಿ ಬೇರೆ ದಿನ ಕಲಿಸಿದರೆ ಕಥೆಗೆ ಗಾಯವಾಗುವುದಿಲ್ಲ. ತಿದ್ದುವುದಕ್ಕೆ ಮೊದಲು ಬರಹದೊಳಗಿನ ಸಂಗತಿಯ ಬಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಿ: ಆ ಕಪ್ಪೆ ಆಮೇಲೆ ಎಲ್ಲಿ ಹೋಯಿತು? ‘ಚೆನ್ನಾಗಿದೆ’ ಎಂಬ ಮೆಚ್ಚುಗೆಗಿಂತ ಈ ಪ್ರಶ್ನೆಯಿಂದ ಮಗುವಿಗೆ ತನ್ನನ್ನು ಓದಿದ್ದಾರೆ ಎಂಬುದು ತಿಳಿಯುತ್ತದೆ.

ತಿಂಗಳಿಗೊಮ್ಮೆ ಆಯ್ದ ಹಾಳೆಗಳನ್ನು ಹೊಲಿದು ಕೈಬರಹದ ಪತ್ರಿಕೆ ಮಾಡುವುದು ನಮ್ಮ ಶಾಲೆಗಳಿಗೆ ಹೊಸದಲ್ಲ. ಆಯ್ಕೆಯಲ್ಲಿ ಅಂದವಾದ ಅಕ್ಷರವನ್ನು ಮಾನದಂಡ ಮಾಡಿಕೊಳ್ಳದೆ, ವರ್ಷ ಮುಗಿಯುವುದರೊಳಗೆ ಪ್ರತಿ ಮಗುವಿನ ಒಂದಾದರೂ ಬರಹ ಅದರಲ್ಲಿ ಸೇರುವಂತೆ ಪಟ್ಟಿ ಇಟ್ಟು ನೋಡಿಕೊಳ್ಳಬೇಕು. ಪತ್ರಿಕೆಯನ್ನು ಒಬ್ಬೊಬ್ಬ ಮಗುವಿನ ಮನೆಗೆ ಒಂದೊಂದು ರಾತ್ರಿಗೆ ಕಳಿಸಿ, ಕೊನೆಯ ಪುಟದಲ್ಲಿ ಮನೆಯವರು ಎರಡು ಸಾಲು ಬರೆಯುವಂತೆ ಕೇಳಿಕೊಳ್ಳಿ. ಬರೆಯಲು ಬಾರದ ಅಜ್ಜಿಯ ಮಾತನ್ನು ಮಗುವೇ ಬರೆದುಕೊಂಡು ಬರಲಿ. ಪ್ರತಿ ಮಗುವಿನ ನೋಟ್‌ಪುಸ್ತಕವನ್ನು ವರ್ಷದ ಕೊನೆಗೆ ಮನೆಗೆ ಕೊಟ್ಟುಬಿಡದೆ ಮುಂದಿನ ತರಗತಿಯ ಶಿಕ್ಷಕರಿಗೆ ಒಪ್ಪಿಸಿ, ಈ ಮಗು ಯಾವ ವಿಷಯದ ಮೇಲೆ ಹೆಚ್ಚು ಬರೆದಿದೆ, ಎಲ್ಲಿ ತಡವರಿಸುತ್ತದೆ, ಯಾರ ಜೊತೆ ಕೂರಿಸಿದರೆ ಚೆನ್ನಾಗಿ ಬರೆಯುತ್ತದೆ ಎಂಬ ಮೂರು ಸಾಲಿನ ಟಿಪ್ಪಣಿಯನ್ನು ಮೊದಲ ಪುಟಕ್ಕೆ ಅಂಟಿಸಬೇಕು.